ಪೇಂಟರ್ ದೆಲಾರೋಶ್ ಹಿಂದೆ ಬಿದ್ದು ಲಂಡನ್ನಿಂದ ಶಾಂಟಿಯಿ ತನಕ

ಲಂಡನ್ನಲ್ಲಿ ನಮಗೆ ಸಿಕ್ಕಿದ್ದು ಮೂರೇ ದಿನ, ಎರಡನೇ ದಿನ ಬೆಳಗ್ಗೆಯಿಂದ ಮಳೆ, ಎಂಟ್ರಿ ಫ್ರೀ ಅಲ್ವಾ ಅಂತ ಅಮ್ಮನ್ನ ಕರ್ಕೊಂಡು ಟ್ರಫಾಲ್ಗರ್ ಸ್ಕ್ವೇರ್ ಹತ್ರ ಇರೋ ನ್ಯಾಷನಲ್ ಗ್ಯಾಲರಿಗೆ ನುಗ್ಗಿದೆ. ಒಂದು ರೂಮಲ್ಲಿ ಮಾತ್ರ ಜನ ಗುಂಪುಗಟ್ಟಿ ನಿಂತಿದ್ರು, ಯಾರೂ ಮಾತಾಡ್ತಿರ್ಲಿಲ್ಲ. ಇಣುಕಿ ನೋಡಿದ್ರೆ, ಬಿಳಿ ರೇಷ್ಮೆ ಉಟ್ಟ ಒಬ್ಬ ಹುಡುಗಿ, ಕಣ್ಣಿಗೆ ಬಟ್ಟೆ ಕಟ್ಟಿದಾರೆ, ಮಂಡಿಯೂರಿ ಕೈ ಮುಂದೆ ಚಾಚಿದಾಳೆ, ಪಕ್ಕದಲ್ಲಿ ಕೊಡಲಿ ಹಿಡಿದೋನು ಕಾಯ್ತಾ ಇದಾನೆ. ಅಮ್ಮ ಸುಮಾರು ಹೊತ್ತು ನೋಡಿ ಕೇಳಿದ್ಲು, "ಆ ಮಗು ಕೈ ಏನು ಹುಡುಕ್ತಿದೆ?"

ಹುಡುಕ್ತಿರೋದು ತಲೆ ಇಡೋ ಮರದ ದಿಮ್ಮಿನ.

ಅವಳು ಲೇಡಿ ಜೇನ್ ಗ್ರೇ, ಇಂಗ್ಲೆಂಡಿಗೆ ಒಂಬತ್ತೇ ದಿನ ರಾಣಿ, 1554ರ ಫೆಬ್ರವರಿ 12ಕ್ಕೆ ಲಂಡನ್ ಟವರ್ ಅನ್ನೋ ಕೋಟೆ ಒಳಗೆ ತಲೆ ತೆಗೆದ್ರು, ಆಗಿನ್ನೂ ಹದಿನೇಳು ದಾಟಿರ್ಲಿಲ್ಲ. ಕಣ್ಣು ಕಟ್ಟಿದ ಮೇಲೆ ದಿಮ್ಮಿ ಸಿಗದೆ "ಈಗೇನು ಮಾಡ್ಲಿ, ಎಲ್ಲಿದೆ ಅದು" ಅಂತ ತಡಕಾಡಿದ್ಲು ಅಂತ ಆ ಕಾಲದವರೇ ಬರೆದಿಟ್ಟಿದಾರೆ. ಪಾಲ್ ದೆಲಾರೋಶ್ ಅನ್ನೋ ಫ್ರೆಂಚ್ ಪೇಂಟರ್ 1833ರಲ್ಲಿ ಸರಿಯಾಗಿ ಆ ಒಂದು ಕ್ಷಣನೇ ಹಿಡ್ಕೊಂಡ. ನಿಜವಾಗಿ ಅವಳು ಉಟ್ಟಿದ್ದು ಕಪ್ಪು ಬಟ್ಟೆ, ಕೊಂದಿದ್ದು ಬಯಲಲ್ಲಿ, ಇವನು ಬಿಳಿ ಬಟ್ಟೆ ಉಡಿಸಿ ಕತ್ತಲೆ ಕೋಣೆ ಒಳಗೆ ಕೂರಿಸಿದಾನೆ. ತಪ್ಪು ಅಂತ ಪಂಡಿತರು ಹೇಳಬಹುದು, ನನಗೆ ಹಾಗನ್ನಿಸ್ಲಿಲ್ಲ, ಆ ಬಿಳುಪು ಇಲ್ದಿದ್ರೆ ಕಣ್ಣು ಆ ಕೈ ತನಕ ಹೋಗ್ತಾನೇ ಇರ್ಲಿಲ್ಲ. ದಿಮ್ಮಿ ಕೆಳಗೆ ಹರಡಿರೋ ಹುಲ್ಲು ನೋಡ್ಬೇಕು, ಒಂದೊಂದು ಎಳೆನೂ ಬೇರೆ ಬೇರೆ ಕಾಣತ್ತೆ, ರಕ್ತ ಹೀರ್ಕೊಳ್ಳಕ್ಕೆ ಹಾಕಿರೋ ಹುಲ್ಲು ಅದು, ಆದ್ರೆ ಇಡೀ ಚಿತ್ರದಲ್ಲಿ ಒಂದು ಹನಿ ರಕ್ತ ಇಲ್ಲ.

ಈ ಚಿತ್ರ ಉಳ್ಕೊಂಡಿದ್ದೇ ದೊಡ್ಡದು. 1928ರ ಜನವರಿಯಲ್ಲಿ ಥೇಮ್ಸ್ ಉಕ್ಕಿ ಆಗ ಈ ಚಿತ್ರ ಇದ್ದ ಟೇಟ್ ಗ್ಯಾಲರಿ ಒಳಗೆ ನೀರು ನುಗ್ಗಿದಾಗ ಇದು ಹಾಳಾಯ್ತು ಅಂತ ಬರ್ಕೊಂಡು ಮರೆತೇಬಿಟ್ರು, 1973ರಲ್ಲಿ ಇನ್ನೊಂದು ಕ್ಯಾನ್ವಾಸ್ ಹುಡುಕ್ತಿರೋವಾಗ ಅದರ ಸುರುಳಿ ಒಳಗೆ ಇದು ಸಿಕ್ತು, ಅದೂ ಚೆನ್ನಾಗೇ ಇತ್ತು!

ಅಲ್ಲಿಂದ ಹೇಗೂ ಪ್ಯಾರಿಸ್‌ಗೆ ಟಿಕೆಟ್ ಆಗಿತ್ತು. ಯೂರೋಸ್ಟಾರ್ ಟ್ರೇನಲ್ಲಿ ಕೂತು ದೆಲಾರೋಶ್ ಬಗ್ಗೆ ಓದ್ತಾ ಹೋದೆ, ಐಫೆಲ್ ಟವರ್ ಪ್ಲಾನ್ ಎಲ್ಲ ಹಿಂದಕ್ಕೆ ಹೋಯ್ತು. 1797ರಲ್ಲಿ ಪ್ಯಾರಿಸ್‌ನಲ್ಲೇ ಹುಟ್ಟಿದೋನು, ಗ್ರೋ ಅನ್ನೋ ದೊಡ್ಡ ಪೇಂಟರ್ ಹತ್ರ ಕಲಿತ, 1832ಕ್ಕೆ ಫ್ರಾನ್ಸಿನ ಕಲಾ ಅಕಾಡೆಮಿ ಮೆಂಬರ್, ಮಾರನೇ ವರ್ಷ ಎಕೋಲ್ ದೆ ಬೋಜಾರ್ ಅನ್ನೋ ಕಲಾ ಕಾಲೇಜಲ್ಲಿ ಪ್ರೊಫೆಸರ್. ಬ್ರಷ್ ಹಿಡಿಯೋ ಮುಂಚೆ ಮೇಣದಲ್ಲೋ ಪ್ಲಾಸ್ಟರ್‌ನಲ್ಲೋ ಚಿಕ್ಕ ಚಿಕ್ಕ ಬೊಂಬೆ ಮಾಡಿ, ನಾಟಕದ ಸ್ಟೇಜ್ ಥರ ಜೋಡಿಸಿ, ಬೆಳಕು ಎಲ್ಲಿಂದ ಬೀಳ್ಬೇಕು ಅಂತ ನೋಡ್ಕೊತಿದ್ನಂತೆ. ಸಲೋನ್ ಅಂತ ಆಗ ದೊಡ್ಡ ಸರ್ಕಾರಿ ಎಕ್ಸಿಬಿಷನ್, ಅಲ್ಲಿ ಜನ ಇವನ ಚಿತ್ರಕ್ಕೆ ಮುಗಿಬೀಳ್ತಿದ್ರು, ಗೋಟಿಯೇ ಥರದ ವಿಮರ್ಶಕರು ಮಾತ್ರ ಹಿಗ್ಗಾಮುಗ್ಗಾ ಬೈತಿದ್ರು, 1837 ಆದ್ಮೇಲೆ ಸಲೋನ್‌ಗೆ ಚಿತ್ರ ಕಳ್ಸೋದನ್ನೇ ನಿಲ್ಲಿಸಿಬಿಟ್ಟ.

ಲೂವ್ರ್ ಮಂಗಳವಾರ ರಜಾ, ಅದಕ್ಕೆ ಸೋಮವಾರವೇ ಹೋದ್ವಿ. ಮೊನಾಲಿಸಾ ಗಲಾಟೆ ದಾಟಿ ನಾನು ಹುಡುಕಿದ್ದು 1830ರ ಒಂದು ಚಿತ್ರ. ಲಂಡನ್ ಟವರ್‌ನಲ್ಲಿ ಕೂಡಿಹಾಕಿದ್ದ ಇಬ್ಬರು ರಾಜಕುಮಾರರು ಮಂಚದ ಮೇಲೆ ಒಬ್ಬರಿಗೊಬ್ಬರು ಅಂಟಿ ಕೂತಿದಾರೆ, ಕೈಯಲ್ಲಿ ಪುಸ್ತಕ, ಪಕ್ಕದಲ್ಲಿರೋ ಪುಟ್ಟ ನಾಯಿ ಮಾತ್ರ ಬಾಗಿಲ ಕಡೆ ತಿರುಗಿದೆ, ಅಲ್ಲಿ ಬಾಗಿಲ ಸಂದಿಯಲ್ಲಿ ಸಣ್ಣ ಬೆಳಕು. ಯಾರೋ ಬಂದಿದಾರೆ ಅಂತ ನಾಯಿಗೆ ಗೊತ್ತು. 1483ರಲ್ಲಿ ಆ ಮಕ್ಕಳು ಕಾಣೆಯಾದ್ರು. ಇಲ್ಲಿ ಕೊಲೆಗಾರ ಚಿತ್ರದೊಳಗೆ ಬಂದೇ ಇಲ್ಲ.

ಲೂವ್ರ್‌ನಲ್ಲೇ 1855ರ ಇನ್ನೊಂದಿದೆ, ಕೈ ಕಟ್ಟಿ ಟೈಬರ್ ನದಿಗೆ ಎಸೆದ ಕ್ರಿಶ್ಚಿಯನ್ ಹುಡುಗಿ, ಕತ್ತಲೆ ನೀರಲ್ಲಿ ತೇಲ್ತಿದಾಳೆ, ತಲೆ ಮೇಲೊಂದು ಬೆಳಕಿನ ಬಳೆ. ಹತ್ತು ವರ್ಷ ಮುಂಚೆ, 1845ರಲ್ಲಿ, ಇವನ ಹೆಂಡತಿ ಲೂಯಿಸ್ ತೀರ್ಕೊಂಡಿದ್ಲು, ಪೇಂಟರ್ ಓರಾಸ್ ವೆರ್ನೆ ಮಗಳು. ಸತ್ತು ಮಲಗಿದ್ದ ಅವಳ ಮುಖನೂ ಇವನು ಪೇಂಟ್ ಮಾಡಿದ್ದ, ಅದು ನಾಂತ್ ಊರಲ್ಲಿದೆ. ಇದನ್ನ ಅಮ್ಮಂಗೆ ಹೇಳಿದ್ಮೇಲೆ ಅವಳು ಅಲ್ಲೇ ಬೆಂಚ್ ಮೇಲೆ ಕೂತುಬಿಟ್ಲು, ನಾನೂ ಕೂತೆ.

ಮಂಗಳವಾರ ಮೊಂಮಾರ್ತ್ರ್ ಸ್ಮಶಾನ. ರಸ್ತೆಯ ಕಬ್ಬಿಣದ ಸೇತುವೆ ಒಂದು ಗೋರಿಗಳ ಮೇಲೇ ಹಾದು ಹೋಗತ್ತೆ, ಮೇಲೆ ಬಸ್ಸು ಕಾರು, ಕೆಳಗೆ ಬೆಕ್ಕು. 1856ರ ನವೆಂಬರ್‌ನಲ್ಲಿ ಇವನನ್ನ ಮಣ್ಣು ಮಾಡಿದ್ದು ಇಲ್ಲೇ. ಮಧ್ಯಾಹ್ನ ಬೋಜಾರ್ ಕಾಲೇಜ್ ಗೇಟ್ ತನಕ ಹೋಗಿ ಬಂದ್ವಿ, ಒಳಗಿನ ಅರ್ಧಚಂದ್ರಾಕಾರದ ಹಾಲ್ ಗೋಡೆ ಮೇಲೆ ಎಲ್ಲ ಕಾಲದ ಕಲಾವಿದರನ್ನೂ ಸೇರಿಸಿ ಇವನು ಬರೆದ ಸುಮಾರು 27 ಮೀಟರ್ ಉದ್ದದ ಚಿತ್ರ ಇದೆ, 1841ಕ್ಕೆ ಮುಗಿದಿದ್ದು. 1855ರಲ್ಲಿ ಬೆಂಕಿ ಬಿದ್ದು ಹಾಳಾದಾಗ ತಾನೇ ರಿಪೇರಿಗೆ ಕೂತ, ಮುಗಿಸೋಕೆ ಮುಂಚೆ ಸತ್ತ. ನಮಗೆ ಒಳಗೆ ಹೋಗೋಕಾಗ್ಲಿಲ್ಲ, ಹೊಟ್ಟೆ ಉರೀತು.

ಬುಧವಾರ ಪ್ಯಾರಿಸ್‌ನ ಗಾರ್ ದು ನೋರ್ ಸ್ಟೇಷನ್ನಿಂದ ಟ್ರೇನ್, ಅರ್ಧ ಗಂಟೆ ಒಳಗೇ ಶಾಂಟಿಯಿ. ಸ್ಟೇಷನ್ನಿಂದ ಕುದುರೆ ರೇಸ್ ಮೈದಾನದ ಪಕ್ಕ ನಡ್ಕೊಂಡೇ ಹೋದ್ವಿ, ಆಮೇಲೆ ನೀರಿನ ನಡುವೆ ಅರಮನೆ ಕಾಣತ್ತೆ. ಇಲ್ಲಿರೋ ಚಿತ್ರಗಳನ್ನ ಬೇರೆಲ್ಲೂ ನೋಡೋಕಾಗಲ್ಲ, ಯಾಕಂದ್ರೆ ಅರಮನೆ ಮಾಲೀಕ ದ್ಯೂಕ್ ದೊಮಾಲ್ ಇದನ್ನೆಲ್ಲ ದಾನ ಕೊಡೋವಾಗ ಒಂದು ಚಿತ್ರನೂ ಹೊರಗೆ ಎರವಲು ಕೊಡಬಾರದು ಅಂತ ಷರತ್ತು ಹಾಕಿದ್ದ. ಅದಕ್ಕೇ ಇಲ್ಲಿ ತನಕ ಬಂದಿದ್ದು.

ದೆಲಾರೋಶ್ 1834ರಲ್ಲಿ ಮಾಡಿದ ಚಿತ್ರ, ಗೀಸ್ ದ್ಯೂಕ್ ಅನ್ನೋ ಫ್ರೆಂಚ್ ಸರದಾರನ ಕೊಲೆ. ಜೇನ್ ಗ್ರೇ ಚಿತ್ರ ಸುಮಾರು ಮೂರು ಮೀಟರ್ ಅಗಲ, ಇದು ಒಂದು ಮೀಟರ್ ಕೂಡ ಇಲ್ಲ, ಮೂಗು ತಾಗೋ ಹಾಗೆ ಬಗ್ಗಬೇಕು. ಕೊಲೆ ನಡೆದಿದ್ದು 1588ರ ಡಿಸೆಂಬರ್ 23, ಫ್ರಾನ್ಸಿನ ಬ್ಲುವಾ ಅರಮನೆಯಲ್ಲಿ. ಬಲತುದಿಯಲ್ಲಿ ಮಂಚದ ಕೆಳಗೆ ದ್ಯೂಕ್ ಸತ್ತು ಬಿದ್ದಿದಾನೆ, ಎಡತುದಿಯಲ್ಲಿ ಕತ್ತಿ ಹಿಡಿದ ಕೊಲೆಗಾರರು ಒತ್ತೊತ್ತಾಗಿ ನಿಂತಿದಾರೆ, ನಡುವೆ ಬರೀ ನೆಲ. ಆ ಖಾಲಿ ನೆಲ ನೋಡ್ತಾ ನನಗೆ ಮೈ ಜುಮ್ಮಂತು. ಕೊಲೆಗಾರರ ಹಿಂದೆ ಪರದೆ ಸರಿಸಿ ಇಣುಕ್ತಿರೋ ಫ್ರಾನ್ಸಿನ ರಾಜ ಮೂರನೇ ಹೆನ್ರಿನ ಮೊದಲು ಕಂಡುಹಿಡಿದಿದ್ದು ಅಮ್ಮನೇ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು ಮೆಲ್ಲಗೆ ಹೇಳಿದ್ಲು, "ಹೇಳಿ ಕೊಲ್ಲಿಸಿದೋನು ಇವನೇ ತಾನೇ, ಇನ್ನೂ ಹತ್ರ ಬರೋಕೆ ಭಯ ನೋಡು."