ವಿಷಲ್ ಊದದ ಬಸ್ಸು

ವಾರಕ್ಕೆ ಎರಡು ದಿನ ಮಂಡ್ಯದಿಂದ ಮೈಸೂರಿಗೆ ಹೋಗಿ ಬರುತ್ತೇನೆ. ಜೊತೆಗೆ ನನ್ನ ಮಗ ಪುಟ್ಟ. ಅವನಿಗೀಗ ಏಳು ವರ್ಷ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಅವನಿಗೆ ಥೆರಪಿ. 1960ರ ದಶಕದಿಂದ ಇರುವ ಸಂಸ್ಥೆ ಅದು. ಆಟೋದವರಿಗೆ ಆ ಹೆಸರು ಹೇಳಿದರೆ ಗೊತ್ತಾಗಲ್ಲ, 'ಸ್ಪೀಚ್ ಅಂಡ್ ಹಿಯರಿಂಗ್' ಅನ್ನಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಉಚಿತ ಆಗಿದ್ದು ನನ್ನಂಥವರಿಗೆ ಎಷ್ಟು ಅನುಕೂಲ ಆಯಿತು ಅಂತ ಹೇಳಲಾರೆ. ಈಗ ಪುಟ್ಟನಿಗೆ ಅರ್ಧ ಟಿಕೆಟ್ ತಗೊಂಡರೆ ಸಾಕು.

ಪುಟ್ಟನಿಗೆ ಬಸ್ಸು ಅಂದರೆ ಇಷ್ಟ. ಕಿಟಕಿ ಪಕ್ಕ ಕೂತು ಚಕ್ರದ ಸದ್ದಿಗೆ ತೂಗುತ್ತಾನೆ. ಆಗದೇ ಇರುವುದು ಒಂದೇ, ಕಂಡಕ್ಟರ್ ವಿಷಲ್. ನಮಗೆ ಅದು ಒಂದು ಸದ್ದು ಅಷ್ಟೇ. ಅವನಿಗೆ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗೆ. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಾನೆ. ಎರಡನೇ ಸಲ ಊದಿದರೆ ಚೀರುತ್ತಾನೆ. ಮೂರನೇ ಸಲಕ್ಕೆ ತಲೆಯನ್ನು ಮುಂದಿನ ಸೀಟಿಗೆ ಚಚ್ಚಿಕೊಳ್ಳುತ್ತಾನೆ.

ಆವತ್ತು ಬೆಳಿಗ್ಗೆ ಬಸ್ಸು ತುಂಬಾ ರಷ್. ಇಂಡುವಾಳು ಬರುವಷ್ಟರಲ್ಲೇ ಮೂರು ವಿಷಲ್ ಆಗಿತ್ತು. ಪುಟ್ಟ ಚೀರಿದ. ಬಸ್ಸೆಲ್ಲ ನಮ್ಮ ಕಡೆ ತಿರುಗಿತು.

"ಮೊಬೈಲ್ ಕೊಟ್ಟು ಕೊಟ್ಟು ಹಿಂಗ್ ಮಾಡವ್ರೆ" ಅಂತ ಹಿಂದಿನಿಂದ ಒಬ್ಬರು. "ಎರಡೇಟು ಬುಟ್ರೆ ಸರಿ ಹೋಯ್ತದೆ" ಅಂತ ಇನ್ನೊಬ್ಬರು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ಮಾತ್ರ ಮೆತ್ತಗೆ, "ಯಾಕವ್ವಾ, ಮಗೀಗೆ ಹುಷಾರಿಲ್ವಾ?" ಅಂದರು. ನಾನು ಯಾವಾಗಲೂ ಹೇಳುವ ಸುಳ್ಳನ್ನೇ ಹೇಳಿದೆ. "ಹೂಂ ಅಜ್ಜಿ, ಜ್ವರ."

ಎರಡು ವರ್ಷದಿಂದ ಹೀಗೇ ಹೇಳುತ್ತಾ ಬಂದಿದ್ದೆ. ಜ್ವರ, ಹೊಟ್ಟೆನೋವು, ನಿದ್ದೆ ಇಲ್ಲ. ಆಟಿಸಂ, ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ಥರ ಇರುವ ಸ್ಥಿತಿ. ಆ ಪದ ಫೈಲಿನೊಳಗೆ ಇತ್ತು, ಸರ್ಟಿಫಿಕೇಟಿನಲ್ಲಿ ಇತ್ತು. ನನ್ನ ಬಾಯಿಗೆ ಬರುತ್ತಿರಲಿಲ್ಲ. ಹೇಳಿದರೆ ಜನ ನನ್ನ ಮಗನನ್ನು ಬೇರೆ ಥರ ನೋಡುತ್ತಾರೆ ಅಂತ ಭಯ. ಹೇಳದಿದ್ದರೂ ಹಾಗೇ ನೋಡುತ್ತಿದ್ದರು ಅಲ್ವಾ?

ಯಲಿಯೂರಲ್ಲಿ ಪಕ್ಕದ ಸೀಟು ಖಾಲಿಯಾಯಿತು. ಆಗಿನಿಂದ ಕಂಬಿ ಹಿಡಿದು ನಿಂತಿದ್ದ ಒಬ್ಬ ಹುಡುಗ ಅಲ್ಲಿ ಕೂತ. ಕೈಯಲ್ಲಿ ಬಿಳಿ ಕೋಲು. ಕೂತವನೇ ನನ್ನ ಕಡೆಗೆ ಕಿವಿ ಕೊಟ್ಟು ಕೇಳಿದ, "ಅಕ್ಕಾ, ಅವನಿಗೆ ವಿಷಲ್ ಆಗಲ್ವಾ?"

ನನಗೆ ಮಾತೇ ಹೊರಡಲಿಲ್ಲ. ಕಣ್ಣಿರುವ ಅರವತ್ತು ಜನಕ್ಕೆ ಗೊತ್ತಾಗದಿದ್ದದ್ದು ಇವನಿಗೆ ಗೊತ್ತಾಗಿತ್ತು. "ವಿಷಲ್ ಆದಾಗೆಲ್ಲ ಕೂಗ್ತಾನೆ, ಮಧ್ಯೆ ಸುಮ್ಮನಿರ್ತಾನೆ" ಅಂದ. "ಕಂಡಕ್ಟರಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಒಂದು ದಿನವೂ ಹೇಳಿರಲಿಲ್ಲ. ಅವನೇ ಕಂಡಕ್ಟರನ್ನು ಕರೆದ. "ಅಣ್ಣಾ, ಈ ಅಕ್ಕ ಏನೋ ಹೇಳ್ಬೇಕಂತೆ" ಅಂದು ಸುಮ್ಮನಾದ. ಈಗ ನಾನೇ ಹೇಳಬೇಕಾಯಿತು. "ಸರ್, ನನ್ನ ಮಗನಿಗೆ ಆಟಿಸಂ ಇದೆ. ವಿಷಲ್ ಸದ್ದು ತಡೆಯೋಕಾಗಲ್ಲ." ಗಂಟಲು ನಡುಗಿತು. ಕಂಡಕ್ಟರ್ ಒಂದು ಕ್ಷಣ ಪುಟ್ಟನನ್ನು ನೋಡಿದರು. "ಮೊದ್ಲೇ ಹೇಳ್ಬಾರ್ದೇನಮ್ಮಾ" ಅಂದು ವಿಷಲನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಮೈಸೂರಿನ ತನಕ ಬರೀ ಬಾಯಲ್ಲೇ "ರೈಟ್, ರೈಟ್". ಶ್ರೀರಂಗಪಟ್ಟಣದ ಸೇತುವೆ ಮೇಲೆ ಪುಟ್ಟ ಕಿಟಕಿಗೆ ಕೆನ್ನೆ ಒತ್ತಿ ಕಾವೇರಿ ನೋಡಿದ.

ಆ ಹುಡುಗ ಮದ್ದೂರು ಕಡೆಯವನು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾನೆ. ದಾರಿಯುದ್ದಕ್ಕೂ ಮಾತಾಡಿದ. ಅವನು ಹೇಳಿದ್ದನ್ನು ನಾನು ಕೇಳಿದೆ, ಸಲಹೆ ಅಂತ ಅಲ್ಲ, ಅವನು ಪಟ್ಟಿದ್ದು ಅಂತ. ಪರೀಕ್ಷೆಗೆ ಸ್ಕ್ರೈಬ್ ಬೇಕು, ಅಂದರೆ ಅವನು ಹೇಳಿದ್ದನ್ನು ಬರೆಯುವವರು. ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಜಾಸ್ತಿ ಸಮಯ ಕೊಡಬೇಕು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಡಿಗ್ರಿಯಲ್ಲಿದ್ದಾಗ ಒಂದು ಸಲ ಮೇಲ್ವಿಚಾರಕರು ಮೂರು ಗಂಟೆಗೇ ಪೇಪರ್ ಕಿತ್ತುಕೊಂಡರಂತೆ. "ನನಗೆ ನಿಯಮ ಗೊತ್ತಿತ್ತು ಅಕ್ಕಾ. ಕೇಳೋಕೆ ನಾಚಿಕೆ ಆಯ್ತು. ಉಳಿದ ಎರಡು ಪ್ರಶ್ನೆಗೂ ಉತ್ತರ ಬರ್ತಿತ್ತು." ಇದನ್ನು ಹೇಳುವಾಗ ಕೋಲನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ.

ನಾನೂ ಹೇಳಿಕೊಂಡೆ. ನಮ್ಮ ಮನೆ ಹತ್ತಿರದ ಶಾಲೆಯೊಂದರಲ್ಲಿ "ಇಂಥ ಮಕ್ಕಳನ್ನ ನಮ್ಮಲ್ಲಿ ತಗೊಳ್ಳಲ್ಲ" ಅಂದು ಕಳಿಸಿದ್ದರು. ನಾನು ಎದುರು ಮಾತಾಡದೆ ಎದ್ದು ಬಂದಿದ್ದೆ. ಅವನು ಕೇಳಿದ, "ಬರೆದು ಕೊಟ್ರಾ?" ಇಲ್ಲ. "ಬರೆದು ಕೊಡಿ ಅಂತ ಕೇಳಿ. ನೀವೂ ಅರ್ಜಿ ಬರೆದು ಕೊಡಿ." ಅಂಗವಿಕಲರಿಗಾಗಿ ಮಾಡಿದ 1995ರ ಕಾಯ್ದೆಯಲ್ಲಿ ಏಳೇ ಅಂಗವೈಕಲ್ಯ ಇದ್ದವು, ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ ಅದು 21 ಆಯಿತು, ಆಟಿಸಂ ಸೇರಿತು. ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇಕಡ 40 ಅಥವಾ ಅದಕ್ಕಿಂತ ಜಾಸ್ತಿ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಇಷ್ಟನ್ನೂ ಅವನು ಬಾಯಿಪಾಠದ ಹಾಗೆ ಹೇಳಿದ. ಅದೇ ಸರ್ಟಿಫಿಕೇಟು ನನ್ನ ತೊಡೆ ಮೇಲಿನ ಬ್ಯಾಗಿನಲ್ಲಿತ್ತು. ಇಷ್ಟು ದಿನ ಅದನ್ನು ಯಾರಿಗೂ ಕಾಣದ ಹಾಗೆ ಇಟ್ಟುಕೊಂಡಿದ್ದೆ.

ಸಂಜೆ ವಾಪಸ್ ಬರುವಾಗ ಕಂಡಕ್ಟರ್ ಬೇರೆ. ಹತ್ತುವಾಗಲೇ ಹೇಳಿದೆ. ಈ ಸಲ ಗಂಟಲು ಅಷ್ಟು ನಡುಗಲಿಲ್ಲ. "ಆಯ್ತಮ್ಮ" ಅಂದರು. ಬಾಬುರಾಯನಕೊಪ್ಪಲಿನಲ್ಲಿ ಮರೆತು ಊದಿಬಿಟ್ಟರು. ಪುಟ್ಟ ಚೀರಿದ. "ಅಯ್ಯೋ, ಅಭ್ಯಾಸ ಬಲ ಕಣಮ್ಮ" ಅಂತ ಅವರೇ ಓಡಿ ಬಂದರು. ಮುಂದಿನ ಸೀಟಿನ ಹೆಂಗಸು ತಿರುಗಿ, "ಏನಾಯ್ತು?" ಅಂದರು. ಹೇಳಿದೆ. ಅವರು ಇನ್ನೇನೂ ಕೇಳದೆ ಕಿಟಕಿ ಪಕ್ಕದ ತಮ್ಮ ಜಾಗ ಪುಟ್ಟನಿಗೆ ಬಿಟ್ಟುಕೊಟ್ಟರು.

ರಾತ್ರಿ ಅವನು ಮಲಗಿದ ಮೇಲೆ ಶಾಲೆಗೆ ಅರ್ಜಿ ಬರೆದೆ. ಒಂದೂವರೆ ಪುಟ ಆಯಿತು. ಸೋಮವಾರ ಹೋಗಿ ಕೊಡಬೇಕು, ಕೈಗೆ ಸ್ವೀಕೃತಿ ತಗೊಂಡೇ ಬರಬೇಕು.