ಹಿಂದಿನ ಬಾಗಿಲಲ್ಲಿ ನಿಂತವಳು

ಮಳೆಗಾಲ ಬಂತು ಅಂದ್ರೆ ನಮ್ಮ ಬ್ಯಾಚಿಗೆ ರಿಕರೆಂಟ್ ಟ್ರೈನಿಂಗ್ ಬಂತು ಅಂತ ಲೆಕ್ಕ. ವರ್ಷಕ್ಕೊಂದ್ಸಲ ಕ್ಯಾಬಿನ್ ಕ್ರೂನ ಕೂರಿಸಿಕೊಂಡು ಬೆಂಕಿ, ಹೊಗೆ, ಫಸ್ಟ್ ಏಡ್, ಇವ್ಯಾಕ್ಯುಯೇಶನ್ ಎಲ್ಲಾ ಮತ್ತೆ ಮಾಡಿಸ್ತಾರೆ, ಪರೀಕ್ಷೆ ತಗೋತಾರೆ, ಪಾಸಾಗ್ಲಿಲ್ಲ ಅಂದ್ರೆ ಫ್ಲೈಟ್ ಹತ್ತೋ ಹಾಗಿಲ್ಲ. ಈ ಸಲ ಡಿಚಿಂಗ್ ಡ್ರಿಲ್ಲೂ ಇತ್ತು, ಅಂದ್ರೆ ಬೇರೆ ದಾರಿ ಇಲ್ದೆ ವಿಮಾನನ ನೀರಿನ ಮೇಲೆ ಇಳಿಸಿದಾಗ ನಾವೇನು ಮಾಡ್ಬೇಕು ಅನ್ನೋದು. ಬೆಳಿಗ್ಗೆ ಅಂಧೇರಿ ಕಡೆ ಒಂದು ಸೆಂಟರ್‌ನಲ್ಲಿ ಮಾಕಪ್ ಕ್ಯಾಬಿನ್ (ಡ್ರಿಲ್ ಮಾಡೋಕೆ ಅಂತ ಕಟ್ಟಿರೋ ನಕಲಿ ವಿಮಾನದ ಒಳಭಾಗ), ಮಧ್ಯಾಹ್ನ ಸ್ವಿಮ್ಮಿಂಗ್ ಪೂಲ್.

ಮುಂಬೈಯಿಂದ ಹಾರೋರಿಗೆ ಈ ಪಾಠ ಸ್ವಲ್ಪ ಹತ್ತಿರದ್ದೇ. 27ನೇ ರನ್‌ವೇಯಿಂದ ಪಶ್ಚಿಮಕ್ಕೆ ಟೇಕಾಫ್ ಆದ್ರೆ ನೋಡ್ತಾ ನೋಡ್ತಾ ಜುಹೂ ದಾಟಿ ಕೆಳಗೆ ಬರೀ ಸಮುದ್ರ. ಗೋವಾ ಫ್ಲೈಟ್ ಅಂತೂ ಕೊಂಕಣದ ಕರಾವಳಿ ಹಿಡ್ಕೊಂಡೇ ಹೋಗೋದು. ನಾವು ಆ ಹೊತ್ತಲ್ಲಿ ಸ್ಯಾಂಡ್‌ವಿಚ್ ಟ್ರಾಲಿ ರೆಡಿ ಮಾಡ್ತಾ ಇರ್ತೀವಿ, ಪ್ಯಾಸೆಂಜರ್ಸ್ ರೀಲ್ಸ್ ನೋಡ್ತಾ ಇರ್ತಾರೆ, ಕೆಳಗೆ ನೀರಿದೆ ಅನ್ನೋ ನೆನಪು ಯಾರಿಗಿರುತ್ತೆ.

ನಮ್ಮ ಇನ್‌ಸ್ಟ್ರಕ್ಟರ್ ಹುಬ್ಬಳ್ಳಿ ಕಡೆಯವರು, ಹಾರೋದು ಬಿಟ್ಟು ಈಗ ಪಾಠ ಮಾಡ್ತಾರೆ. ಕ್ಲಾಸಲ್ಲಿ ಇಂಗ್ಲಿಷು ಹಿಂದಿ, ನಮಗೆ ಇಬ್ಬರಿಗೆ ಬೈಯೋದು ಮಾತ್ರ ಕನ್ನಡದಲ್ಲಿ. ಇಬ್ಬರು ಅಂದ್ರೆ ನಾನು ಮತ್ತೆ ನನ್ನ ಬ್ಯಾಚ್‌ಮೇಟ್, ಅವಳು ಮಂಗಳೂರಿನವಳು. ಸ್ಲೈಡ್ ಹಾಕಿ ಪಾಠ ಶುರು ಮಾಡಿದ್ದು ಹಡ್ಸನ್ ನದಿಯಿಂದಲೇ. 2009ರ ಜನವರಿ 15, ನ್ಯೂಯಾರ್ಕಿನ ಲಾಗಾರ್ಡಿಯಾದಿಂದ ಎದ್ದ ಯುಎಸ್ ಏರ್‌ವೇಸ್ 1549, ಏರ್‌ಬಸ್ ಎ320, ಹೆಬ್ಬಾತುಗಳ ಹಿಂಡು ಎರಡೂ ಇಂಜಿನ್ನಿಗೆ ಬಡೀತು, ಮೂರೂವರೆ ನಿಮಿಷದೊಳಗೆ ನದಿ ಮೇಲೆ ಇಳಿಸಿದ್ರು, 155 ಜನರೂ ಬದುಕಿದ್ರು. ಇಷ್ಟು ಎಲ್ಲರಿಗೂ ಗೊತ್ತು, ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಹೆಸರೂ ಗೊತ್ತು. ಕ್ಯಾಬಿನ್ ಕ್ರೂ ಮೂವರ ಹೆಸರು ಕೇಳಿದ್ರು ಮೇಡಂ, ಇಡೀ ಕ್ಲಾಸ್ ಸುಮ್ನೆ. ಶೀಲಾ ಡೇಲ್, ಡೋನಾ ಡೆಂಟ್, ಡೋರೀನ್ ವೆಲ್ಶ್. ಮೂವರೂ ಐವತ್ತು ದಾಟಿದವರು, ಒಬ್ಬೊಬ್ಬರದ್ದೂ ಇಪ್ಪತ್ತೈದು ವರ್ಷಕ್ಕೂ ಹೆಚ್ಚಿನ ಸರ್ವಿಸ್. (ನಮ್ಮಲ್ಲಿ ಮೂವತ್ತಾಯ್ತು ಅಂದ್ರೆ ನೆಂಟರು "ಇನ್ನೂ ಅದೇ ಕೆಲಸಾನಾ" ಅಂತಾರೆ, ಇರ್ಲಿ ಬಿಡಿ.)

ನಂಗೆ ಅವತ್ತು ತಲೆಗೆ ಹತ್ತಿದ್ದು ಏನಂದ್ರೆ, ನೀರಿಗೆ ಇಳೀತಾ ಇದ್ದೀವಿ ಅನ್ನೋದೇ ಆ ಮೂವರಿಗೂ ಗೊತ್ತಿರ್ಲಿಲ್ಲ. ಕಾಕ್‌ಪಿಟ್‌ನಿಂದ ಬಂದಿದ್ದು "ಬ್ರೇಸ್ ಫಾರ್ ಇಂಪ್ಯಾಕ್ಟ್", ಅಂದ್ರೆ ಬಡಿಯುತ್ತೆ, ತಯಾರಾಗಿ ಅಂತ ಅಷ್ಟೇ, ನೀರು ಅನ್ನೋ ಮಾತೇ ಇಲ್ಲ. ಕ್ಯಾಪ್ಟನ್‌ನ ಬೈಯೋ ಹಾಗೂ ಇಲ್ಲ, ಅವರ ಕೈಲಿದ್ದ ಚೆಕ್‌ಲಿಸ್ಟೇ ತುಂಬಾ ಎತ್ತರದಲ್ಲಿ ಇಂಜಿನ್ ಹೋದ್ರೆ ಅಂತ ಬರೆದಿದ್ದು, ಅದನ್ನ ಮುಗಿಸೋಕೂ ಟೈಮ್ ಸಿಗ್ಲಿಲ್ಲ. ಹಂಗಾಗಿ ಈ ಮೂವರು ತಮ್ಮ ತಮ್ಮ ಜಂಪ್ ಸೀಟಲ್ಲಿ (ಕ್ರೂ ಕೂರೋ ಮಡಚೋ ಸೀಟು) ಕೂತು "ಹೆಡ್ಸ್ ಡೌನ್, ಸ್ಟೇ ಡೌನ್" ಅಂತ ಕೂಗ್ತಾ, ವಿಮಾನ ನಿಂತ ಮೇಲೆ ಹೊರಗೆ ನೋಡಿದ್ರೆ ನದಿ.

ಮುಂದಿನ ಇಬ್ಬರು ಬಾಗಿಲು ತೆಗೆದ್ರು, ಎಡಗಡೆ ಬಾಗಿಲಿನ ಸ್ಲೈಡ್ (ಜನ ಜಾರಿ ಇಳಿಯೋ ಗಾಳಿ ತುಂಬಿದ ಜಾರುಬಂಡೆ) ತಾನಾಗೇ ಉಬ್ಬಲಿಲ್ಲ, ಕೈಯಿಂದ ಹ್ಯಾಂಡಲ್ ಎಳೀಬೇಕಾಯ್ತು. ಹಿಂದೆ ವೆಲ್ಶ್ ಒಬ್ಬರೇ. ವಿಮಾನದ ಬಾಲದ ಕಡೆ ನೀರಿಗೆ ಜೋರಾಗಿ ಬಡಿದು ಅಡಿಭಾಗ ಒಡೆದಿತ್ತು, ನೆಲ ಸೀಳ್ಕೊಂಡು ಮೇಲೆ ಬಂದ ಲೋಹದ ತುಂಡು ಅವರ ಕಾಲನ್ನ ಆಳವಾಗಿ ಕೊಯ್ದಿತ್ತು, ಅದು ಅವರಿಗೆ ಆಗ ಗೊತ್ತೂ ಆಗ್ಲಿಲ್ಲ. ಅವರು ಹೇಳಿದ ಪ್ರಕಾರ ಒಬ್ಬ ಪ್ಯಾಸೆಂಜರ್ ಓಡಿ ಬಂದು ಹಿಂದಿನ ಬಾಗಿಲನ್ನ ಸ್ವಲ್ಪ ತೆಗೆದೇ ಬಿಟ್ರು, ನೀರು ನುಗ್ತು, ಮತ್ತೆ ಮುಚ್ಚೋಕೆ ನೋಡಿದ್ರೂ ಪೂರ್ತಿ ಮುಚ್ಚಲಿಲ್ಲ. ಆಗ ಅವರು ಎಲ್ಲರನ್ನೂ ಮುಂದಕ್ಕೆ ಅಟ್ಟಿದ್ರು, ಐಲ್ (ಸೀಟುಗಳ ಮಧ್ಯದ ದಾರಿ) ತುಂಬಿದೆ ಅಂದ್ರೆ ಸೀಟ್ ಹತ್ತಿ ಹಾರ್ಕೊಂಡು ಹೋಗಿ ಅಂತ. ನೀರು ಏರ್ತಾ ಇತ್ತು, ಚಳಿಗಾಲದ ನದಿ, ಐದು ಡಿಗ್ರಿ.

ಇದೆಲ್ಲಾ ಸ್ಲೈಡಲ್ಲಿ ನೋಡೋಕೆ ಸುಲಭ. ಮಾಕಪ್‌ನಲ್ಲಿ ನಂಗೆ ಸಿಕ್ಕಿದ್ದು ಅದೇ ಹಿಂದಿನ ಎಡ ಬಾಗಿಲು.

ನಮ್ಮ ಮಾಕಪ್ ದೊಡ್ಡ ಹೈಟೆಕ್ ಏನಲ್ಲ. ಬಾಗಿಲಿನ ಪುಟ್ಟ ಕಿಟಕಿಗೆ ಹೊರಗಡೆಯಿಂದ ಚಾರ್ಟ್ ಪೇಪರ್ ಸಿಕ್ಕಿಸ್ತಾರೆ, ಬೆಂಕಿ ಇದ್ರೆ ಕೇಸರಿ ಬಣ್ಣ, ನೀರಿದ್ರೆ ನೀಲಿ, ಎಷ್ಟು ಎತ್ತರಕ್ಕೆ ನೀಲಿ ಇದೆ ಅಂತ ನೋಡಿ ನೀರು ಹೊಸ್ತಿಲಿಗಿಂತ ಮೇಲಿದೆಯಾ ಕೆಳಗಿದೆಯಾ ನಾವು ಹೇಳ್ಬೇಕು. ಲೈಟ್ ಆಫ್, ಹೊಗೆ ಮಶೀನ್ ಆನ್, ಉಳಿದ ಬ್ಯಾಚಿನವರೆಲ್ಲ ಪ್ಯಾಸೆಂಜರ್ಸ್, ಅವರಿಗೆ ಎಷ್ಟು ಬೇಕಾದ್ರೂ ಗಲಾಟೆ ಮಾಡಿ ಅಂತ ಪರ್ಮಿಶನ್. ಬೆಲ್ಟ್ ಬಿಚ್ಚಿ ಎದ್ದೆ, ಕೈ ಸೀದಾ ಬಾಗಿಲಿನ ಹ್ಯಾಂಡಲ್ ಕಡೆಗೇ ಹೋಗೋಕೆ ನೋಡುತ್ತೆ, ವರ್ಷಗಟ್ಟಲೆ ಪ್ರತಿ ಲ್ಯಾಂಡಿಂಗ್ ಆದ್ಮೇಲೆ ಅದೇ ಕೆಲಸ ಮಾಡಿದ ಕೈ ಅಲ್ವಾ. ಅಷ್ಟರಲ್ಲಿ ಹೊಗೆ ಒಳಗಿಂದ ಮೇಡಂ ದನಿ, "ಏ ತಂಗಿ, ಬಾಗಲಾ ಎಲ್ಲೂ ಓಡಿ ಹೋಗಂಗಿಲ್ಲ, ಮೊದ್ಲ ಹೊರಗ ಏನೈತಿ ನೋಡ!"

ನೋಡಿದೆ. ನೀಲಿ, ಅರ್ಧ ಕಿಟಕಿ ತನಕ. ಅಂದ್ರೆ ನೀರು ಹೊಸ್ತಿಲಿಗಿಂತ ಮೇಲೆ, ಬಾಗಿಲು ತೆಗೆಯೋ ಹಾಗಿಲ್ಲ.

ಇಲ್ಲಿಂದ ಮುಂದೆ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ, "ಎಕ್ಸಿಟ್ ಬ್ಲಾಕ್ಡ್, ಗೋ ಫಾರ್ವರ್ಡ್" ಅಂತ ಕೂಗ್ತಾನೇ ಇರ್ಬೇಕು. ಹೇಳೋಕೆ ಒಂದೇ ಲೈನು. ಆದ್ರೆ ಕೊನೇ ಸಾಲಲ್ಲಿ ಕೂತಿದ್ದವರಿಗೆ ಎದುರಿಗೇ ಬಾಗಿಲು ಕಾಣ್ತಾ ಇದೆ, ನಾನು ಅದಕ್ಕೆ ಅಡ್ಡ ನಿಂತಿದ್ದೀನಿ, ಅವರ ಲೆಕ್ಕದಲ್ಲಿ ಆ ಕ್ಷಣಕ್ಕೆ ನಾನೇ ವಿಲನ್. ಮಂಗಳೂರಿನವಳು ಸಾಯಂಕಾಲದ ವಿರಾರ್ ಫಾಸ್ಟ್ ಲೋಕಲ್ ಟ್ರೈನ್ ಹತ್ತೋರ ಥರ ಭುಜ ಕೊಟ್ಟು ನುಗ್ಗಿದ್ಲು, ನನ್ನ ಕಂಕುಳ ಕೆಳಗಿಂದ ಕೈ ತೂರಿಸಿ ಹ್ಯಾಂಡಲ್ ಹಿಡಿಯೋಕೆ ಹೋದ್ಲು. ಒಂದು ಕೈಯಲ್ಲಿ ಗೋಡೆಯ ಅಸಿಸ್ಟ್ ಹ್ಯಾಂಡಲ್ (ಆಸರೆಗೆ ಹಿಡ್ಕೊಳ್ಳೋ ಹಿಡಿ) ಬಿಗಿಯಾಗಿ ಹಿಡ್ಕೊಂಡು ಇನ್ನೊಂದು ಕೈಯಿಂದ ಅವಳ ಭುಜ ಹಿಡಿದು ತಿರುಗಿಸಿ ದೂಡಿದೆ, ಸುಮ್ನೆ ನಾಟಕಕ್ಕೆ ದೂಡಿದ್ದಲ್ಲ, ನಿಜವಾಗ್ಲೂ. "ಎಂತ ಮಾರಾಯ್ತಿ, ಕೈ ಕಿತ್ತು ಬರ್ತದಾ ನಂದು?" ಅಂತ ಆಮೇಲೆ ಭುಜ ಉಜ್ಕೋತಾ ಕೇಳಿದ್ಲು. ಮೇಡಂ ಮಾತ್ರ ಶೀಟಲ್ಲಿ ಏನೋ ಗುರುತು ಹಾಕ್ಕೊಂಡು, "ಹಿಂಗ ದೂಡಬೇಕ ನೋಡ್ರಿ" ಅಂದ್ರು.

ಜನ ಅಂದ್ಕೊಳ್ಳೋದು ಎಮರ್ಜೆನ್ಸಿಯಲ್ಲಿ ನಮ್ಮ ಕೆಲಸ ಬಾಗಿಲು ತೆಗೆಯೋದು ಅಂತ. ಡಿಚಿಂಗ್‌ನಲ್ಲಿ ಕಷ್ಟದ ಕೆಲಸ ತೆಗೆಯದೇ ಇರೋದು, ಅದೂ ಸಾಯೋ ಭಯದಲ್ಲಿರೋ ಜನರ ಎದುರಿಗೆ, ಯಾರನ್ನೂ ಕೇಳೋಕೆ ಟೈಮಿಲ್ಲದೆ. ಯೂನಿಫಾರ್ಮ್, ಲಿಪ್‌ಸ್ಟಿಕ್, ನಮಸ್ಕಾರ ಎಲ್ಲಾ ನೋಡಿ ಈ ಕೆಲಸಕ್ಕೆ ಆರಿಸ್ತಾರೆ ಅಂತ ಆಡ್ಕೊಳ್ಳೋರು ಒಂದ್ಸಲ ಆ ಹಿಂದಿನ ಬಾಗಿಲಲ್ಲಿ ನಿಂತು ನೋಡ್ಲಿ.

ಪೂಲ್ ಸೆಶನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮಳೆ ಸುರೀತಾ ಇತ್ತು, ರಾಫ್ಟ್ (ಗಾಳಿ ತುಂಬಿದ ತೆಪ್ಪ) ಹತ್ತೋದು ಕಾಣೋವಷ್ಟು ಸುಲಭ ಅಲ್ಲ, ಒದ್ದೆ ರಬ್ಬರ್ ಮೇಲೆ ಮೊಣಕೈ ಜಾರುತ್ತೆ, ಒಳಗಿದ್ದವರು ಜಾಕೆಟ್ಟಿನ ಪಟ್ಟಿ ಹಿಡಿದು ಮೇಲಕ್ಕೆಳೀಬೇಕು. ಆದ್ರೆ ಲೈಫ್ ಜಾಕೆಟ್ ಉಬ್ಬಿಸೋ ಮುಂಚೆ ಮೇಡಂ ಹೇಳಿದ ಇನ್ನೊಂದು ವಿಮಾನದ ಕಥೆ ಹೇಳ್ಲೇಬೇಕು, ಯಾಕಂದ್ರೆ ಅದು ಹೊರಟಿದ್ದು ಇದೇ ಮುಂಬೈಯಿಂದ. 1996ರ ನವೆಂಬರ್ 23, ಇಥಿಯೋಪಿಯನ್ 961, ಅಡಿಸ್ ಅಬಾಬಾ ದಾಟಿದ ಮೇಲೆ ಹೈಜಾಕ್ ಆಯ್ತು, ಆಸ್ಟ್ರೇಲಿಯಾಗೆ ಹೋಗು ಅಂತ ಹಟ, ಅಷ್ಟು ಫ್ಯೂಯೆಲ್ ಎಲ್ಲಿಂದ ಬರ್ಬೇಕು. ಕೊನೆಗೆ ಕೊಮೊರೊಸ್ ದ್ವೀಪದ ದಡದ ಹತ್ತಿರ ಸಮುದ್ರಕ್ಕೆ ಇಳೀತು, ವಿಮಾನ ಒಡೀತು, 175 ಜನರಲ್ಲಿ ಉಳಿದಿದ್ದು 50. ಬಡಿದಾಗಲೇ ಹೋದವರು ಎಷ್ಟೋ ಜನ, ಆದ್ರೆ ಇಂಪ್ಯಾಕ್ಟ್ ತಡ್ಕೊಂಡೂ ಮುಳುಗಿ ಹೋದವರಿದ್ರು, ವಿಮಾನದ ಒಳಗೇ ಜಾಕೆಟ್ ಉಬ್ಬಿಸ್ಕೊಂಡಿದ್ದವರು. ನೀರು ತುಂಬಿದಾಗ ಜಾಕೆಟ್ ಅವರನ್ನ ಸೀಲಿಂಗ್‌ಗೆ ಎತ್ತಿ ಒತ್ತಿಬಿಡುತ್ತೆ, ಕೆಳಗೆ ಮುಳುಗಿ ಬಾಗಿಲ ತನಕ ಹೋಗೋಕೆ ಆಗಲ್ಲ. ಡೆಮೋದಲ್ಲಿ ನಾವು "ಹೊರಗೆ ಹೋಗುವಾಗ ಮಾತ್ರ ಉಬ್ಬಿಸಿ" ಅಂತ ಹೇಳೋದು ಇದಕ್ಕೇನೇ. ನೀವು ಫೋನಿಂದ ತಲೆ ಎತ್ತಲ್ಲ, ಅದು ಬೇರೆ ಮಾತು.

ಸಾಯಂಕಾಲ ಒದ್ದೆ ಕೂದಲಲ್ಲೇ ಮಾಟುಂಗಾಗೆ ಹೋಗಿ ಇಡ್ಲಿ ವಡೆ ಕಾಫಿ. ಅಲ್ಲಿ ಶುರುವಾಯ್ತು ನನ್ನ ಮತ್ತೆ ಮಂಗಳೂರಿನವಳ ಜಗಳ. ಹಡ್ಸನ್‌ನಲ್ಲಿ ಬಹಳಷ್ಟು ಜನ ಜಾಕೆಟ್ ಹಾಕ್ಕೊಳ್ದೇ ಹೊರಗೆ ಬಂದು ರೆಕ್ಕೆ ಮೇಲೆ ನಿಂತಿದ್ರು. ಇವಳ ವಾದ, ಅಲ್ಲಿ ಕೆಲವೇ ನಿಮಿಷದಲ್ಲಿ ಫೆರಿ ಬಂತು ಮಾರಾಯ್ತಿ, ರಾತ್ರಿ ರತ್ನಾಗಿರಿ ಆಚೆ ಸಮುದ್ರದಲ್ಲಿ ಯಾರು ಬರ್ತಾರೆ, ನಾನಾದ್ರೆ ಜಾಕೆಟ್ ಇಲ್ಲದವರನ್ನ ಬಾಗಿಲಿಂದ ಹೊರಗೆ ಬಿಡುದಿಲ್ಲ ಅಂತ. ನಾನಂದೆ, ಕಾಲಡಿ ನೀರು ಏರ್ತಾ ಇರುವಾಗ ಸೀಟ್ ಕೆಳಗೆ ಬಗ್ಗಿ ಪೌಚ್ ಹುಡುಕೋ ಒಬ್ಬನ ಹಿಂದೆ ಇಪ್ಪತ್ತು ಜನ ನಿಂತಿರ್ತಾರೆ, ಸಿಕ್ಕಿದ್ರೆ ಕೈಲಿ ಹಿಡ್ಕೊಂಡು ನಡೀರಿ, ಹೊರಗೆ ಹಾಕ್ಕೊಳ್ಳಿ ಅಂತೀನಿ. ಟೈಮಿದ್ರೆ, ಅಂದ್ರೆ ಕ್ಯಾಪ್ಟನ್ ಹತ್ತು ನಿಮಿಷ ಮುಂಚೆ ಹೇಳಿದ್ರೆ, ಅವಳು ಹೇಳೋದೇ ಸರಿ, ಕೂತಲ್ಲೇ ಎಲ್ಲರಿಗೂ ಹಾಕಿಸ್ಬಹುದು. ಹೇಳದೇ ಇದ್ರೆ? "ಆಗ ನೀನು ದೂಡು, ನಿಂಗೆ ಅದು ಚೆನ್ನಾಗಿ ಬರ್ತದೆ" ಅಂದ್ಲು. ಬಿಲ್ ಅವಳೇ ಕೊಟ್ಲು, ವಾದ ಮಾತ್ರ ಬಿಟ್ಟು ಕೊಡ್ಲಿಲ್ಲ, ಈಗ್ಲೂ ಒಟ್ಟಿಗೆ ಗೋವಾ ಡ್ಯೂಟಿ ಬಿದ್ರೆ ಬ್ರೀಫಿಂಗ್‌ನಲ್ಲಿ ಮತ್ತೆ ತೆಗೀತಾಳೆ.