ಅಮ್ಮನ ಫೋನು, ಗುಡ್ಡದ ಮೇಲಿನ ಒಟಿಪಿ

13 ಜುಲೈ 2025, ಭಾನುವಾರ ರಾತ್ರಿ
ರೈಲಿನಲ್ಲಿ

ಚೂಡಿದಾರದ ಕಾಲು ಇನ್ನೂ ಒಣಗಿಲ್ಲ. ಮೇಲಿನ ಬರ್ತಿನಲ್ಲಿ ಮುದುಡಿ ಕೂತು ಬರೆಯುತ್ತಿದ್ದೇನೆ. ಅಮ್ಮನ ಮೇಲೆ ರೇಗಿ ಬಂದಿದ್ದೇನೆ. ಅದೂ ಎಂತಕ್ಕೆ? ಒಂದು ಆ್ಯಪ್ ವಿಷಯಕ್ಕೆ.

ನಾಳೆ ಸಿಗಂದೂರು ಸೇತುವೆ ಉದ್ಘಾಟನೆ. ಗಡ್ಕರಿ ಬರುತ್ತಾರಂತೆ. ಅಮ್ಮನ ತವರು ತುಮರಿ ಕಡೆ, ಶರಾವತಿ ಹಿನ್ನೀರಿಗೆ ಕಟ್ಟಿದ ಆ ಸೇತುವೆಯ ಆಚೆ. ಹೋಗೋಣ ಅಂದರೆ ಅವಳಿಗೆ ಮಂಡಿ ನೋವು, ಮೇಲಿಂದ ಈ ಮಳೆ. ಟಿವಿಯಲ್ಲಿ ನೋಡೋಣ ಅಂದರೆ ಡಿಶ್ ಛತ್ರಿಯ ಸಿಗ್ನಲ್ ಹೋಗಿ ಎಂಟು ದಿನ. ಆಷಾಢದಲ್ಲಿ ಇದು ಪ್ರತಿ ವರ್ಷದ ಕತೆ. "ಫೋನಲ್ಲಿ ಬರುತ್ತಲ್ಲ, ಅದರಲ್ಲೇ ಹಾಕಿಕೊಡು" ಅಂದಳು. ನಾನು ವರ್ಷಕ್ಕೊಮ್ಮೆ ದುಡ್ಡು ಕಟ್ಟುವ ಆ್ಯಪ್ ಇದೆ. ನ್ಯೂಸ್ ಚಾನೆಲ್ಲೂ ಬರುತ್ತದೆ, ಅವಳ ಸೀರಿಯಲ್ಲೂ ಬರುತ್ತದೆ. ಹತ್ತು ನಿಮಿಷದ ಕೆಲಸ ಅಂದುಕೊಂಡೆ.

ಆ್ಯಪ್ ಆಗಲೇ ಇತ್ತು. ಮೇ ರಜೆಯಲ್ಲಿ ಬಂದಾಗ ಅಣ್ಣನ ಮಗ ಹಾಕಿದ್ದ. ತೆರೆದರೆ 'ಅಪ್‌ಡೇಟ್ ಮಾಡಿ' ಅಂತ ಒಂದೇ ಪಟ್ಟು. ಅಪ್‌ಡೇಟ್ ಒತ್ತಿದರೆ ಜಾಗ ಇಲ್ಲ. ಅದು ನನ್ನದೇ ಹಳೇ ಫೋನು, 16 ಜಿಬಿಯದ್ದು. ಅರ್ಧಕ್ಕಿಂತ ಜಾಸ್ತಿ ಫೋನೇ ತಿಂದುಕೊಂಡಿರುತ್ತದೆ, ಉಳಿದಿದ್ದನ್ನು ವಾಟ್ಸ್ಆ್ಯಪ್ ತುಂಬಿಸಿದೆ. ಶುಭೋದಯದ ಗುಲಾಬಿಗಳೇ ಸಾವಿರ ಇರಬೇಕು. ಅಳಿಸಲಾ ಅಂದರೆ ಅಮ್ಮ ಒಂದೊಂದನ್ನೂ ನೋಡುತ್ತಾಳೆ. "ಇದು ಸಾವಿತ್ರಕ್ಕ ಕಳಿಸಿದ್ದು, ಇರಲಿ. ಇದು ಅವಳು ಹೋಗೋ ಹಿಂದಿನ ದಿನ ಕಳಿಸಿದ್ದು." ಇನ್ನು ಎಂತ ಅಳಿಸೋದು? ಆ್ಯಪನ್ನೇ ತೆಗೆದು ಹೊಸದಾಗಿ ಹಾಕಿದೆ.

ಅದೇ ನಾನು ಮಾಡಿದ ತಪ್ಪು. ಹೊಸದಾಗಿ ಹಾಕಿದ ಮೇಲೆ ಲಾಗಿನ್ ಕೇಳಿತು. ಖಾತೆ ಇರೋದು ನನ್ನ ನಂಬರಿನಲ್ಲಿ. ಒಟಿಪಿ ಬರೋದು ನನ್ನ ಫೋನಿಗೆ. ನನ್ನ ಸಿಮ್ಮಿಗೆ ನಮ್ಮನೆಯಲ್ಲಿ ಒಂದು ಕಡ್ಡಿಯೂ ಸಿಗುವುದಿಲ್ಲ. ಅದಕ್ಕೆ ತೋಟದ ಮೇಲಿನ ಗುಡ್ಡ ಹತ್ತಬೇಕು, ಗೇರು ಮರದ ಹತ್ತಿರ.

ಹತ್ತಿದೆ. ಒಟಿಪಿ ಬಂತು. ಇಳಿದು ಬರುವಷ್ಟರಲ್ಲಿ ಅದರ ಆಯಸ್ಸು ಮುಗಿದಿತ್ತು. ಮತ್ತೆ ಹತ್ತಿದೆ. ಈ ಸಲ ಓಡಿ ಬಂದೆ. ಜಾರಿ ಕೂತೆ. ಆರು ಅಂಕಿಯಲ್ಲಿ ಕೊನೆಯದು ಮರೆತುಹೋಯಿತು. (ಫೋನು ನೋಡಬಹುದಿತ್ತು ಅಂತೀರಾ? ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಗೆ ಇಟ್ಟುಕೊಂಡಿದ್ದೆ. ಬಿಚ್ಚಿ ನೋಡುವಷ್ಟರಲ್ಲಿ ಅದೂ ಮುಗಿಯಿತು.) ಮೂರನೇ ಸಲ ಗುಡ್ಡದ ಮೇಲಿಂದಲೇ ಕೂಗಿದೆ. ನಾಲ್ಕು! ಸೊನ್ನೆ! ಒಂಬತ್ತು! ಅಮ್ಮ ಅಂಗಳದಲ್ಲಿ ಕೊಡೆ ಹಿಡಿದುಕೊಂಡು ಒಂದೊಂದನ್ನೂ ವಾಪಸ್ ಕೂಗಿ ಒತ್ತಿದಳು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ಬಡಿದುಕೊಳ್ಳುತ್ತಾರಲ್ವಾ. ಕೆಳಮನೆಯವರಿಗೂ ಕೇಳಿರಬೇಕು.

ಒಳಗೆ ಹೋದೆವು. 'ಯಾರು ನೋಡುತ್ತಿದ್ದೀರಿ?' ಅಂತ ನಾಲ್ಕು ಮುಖ ತೋರಿಸಿತು. ನಂದು, ನಮ್ಮವರದ್ದು, ಅಣ್ಣಂದು, ಕೊನೆಗೆ ಮಕ್ಕಳದ್ದು. ಅಮ್ಮನ ಬೆರಳು ಸೀದಾ ಮಕ್ಕಳದಕ್ಕೆ ಹೋಯಿತು.

"ಅಮ್ಮಾ, ಅದಲ್ಲ."

"ನಂದು ಇದೇ ಅಲ್ದಾ? ಪಾಪು ಇದನ್ನೇ ಒತ್ತಬೇಕು ಅಂದಿದ್ದ."

ಎರಡು ತಿಂಗಳಿಂದ ಅವಳು ಬರೀ ಕಾರ್ಟೂನ್ ನೋಡಿದ್ದಾಳೆ. ಮಕ್ಕಳ ಪ್ರೊಫೈಲಿನಲ್ಲಿ ಬೇರೆ ಏನೂ ಕಾಣಿಸುವುದೇ ಇಲ್ಲ. ಸೀರಿಯಲ್ ಬೇಕು ಅಂತ ಹೇಳಬಾರದಿತ್ತಾ ಅಂದೆ. "ಅದರಲ್ಲಿ ಇರೋದೇ ಅಷ್ಟು ಅಂದ್ಕಂಡೆ. ಆ ಕರಡಿಮರಿದು ಚಲೋ ಇತ್ತು."

ನಗು ಬಂತು. ಆಮೇಲೆ ನಗು ಹೋಯಿತು. ವಾರಕ್ಕೆ ಮೂರು ಸಲ ಫೋನ್ ಮಾಡುತ್ತೇನೆ. 'ಸೀರಿಯಲ್ ನೋಡಿದ್ಯಾ' ಅಂತಲೂ ಕೇಳುತ್ತೇನೆ. 'ಹ್ಞೂಂ, ನೋಡಿದೆ' ಅಂತಿದ್ದಳು.

ಇನ್ನೊಂದು ಹೇಳಬೇಕು. ಅವಳಿಗೆ ಸುಲಭವಾಗಲಿ ಅಂತ ಆ್ಯಪಿನ ಭಾಷೆ ಕನ್ನಡ ಮಾಡಿಕೊಟ್ಟಿದ್ದೆ. ಅದರ ಕನ್ನಡವೋ ದೇವರಿಗೇ ಪ್ರೀತಿ. ಮಧ್ಯದಲ್ಲಿ ಒಮ್ಮೆ ಲಾಗಿನ್ 'ಸೆಷನ್' ಮುಗಿದಿದ್ದಕ್ಕೆ 'ನಿಮ್ಮ ಅಧಿವೇಶನ ಮುಕ್ತಾಯಗೊಂಡಿದೆ' ಅಂತ ಬಂತು. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಬೆಳಗಾವಿದಾ?" ಅಂದಳು.

ಅಂತೂ ಚಾನೆಲ್ ಹತ್ತಿಕೊಂಡಿತು. ಚಿತ್ರ ಮಸುಕು. ನಾನು ಎಚ್‌ಡಿಗೆ ದುಡ್ಡು ಕಟ್ಟಿದ್ದರೂ ಈ ಫೋನಿನಲ್ಲಿ ಮಸುಕೇ. ಕಳ್ಳ ಪ್ರತಿ ಆಗದಂತೆ ಕಾಯುವ ವೈಡ್‌ವೈನ್ ಅಂತ ಒಂದು ಬೀಗ ಇರುತ್ತದೆ. ಅದರ ಮೇಲ್ದರ್ಜೆಯದು ಫೋನಿನಲ್ಲಿ ಇಲ್ಲದಿದ್ದರೆ ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಒಳ್ಳೇ ಚಿತ್ರ ಕಳಿಸುವುದಿಲ್ಲ. ಭಾವ ವಿವರಿಸಿದ್ದು. ಅಮ್ಮನಿಗೆ ಅದರ ಚಿಂತೆ ಇಲ್ಲ. ಅವಳ ಪ್ಯಾಕಿಗೆ ದಿನಕ್ಕೆ ಒಂದೂವರೆ ಜಿಬಿ. ಮಸುಕಾಗಿದ್ದರೆ ಎರಡು ಗಂಟೆಯಾದರೂ ಬರುತ್ತದೆ, ಒಳ್ಳೇದೇ ಆಯಿತು.

ಐದು ನಿಮಿಷ ಓಡಿತು. ನಾನು ಬಟ್ಟೆ ಬದಲಿಸೋಕೆ ಎದ್ದೆ. ಬಂದು ನೋಡಿದರೆ ಮತ್ತೆ ಲಾಗಿನ್ ಪುಟ.

ಆಗಿದ್ದು ಇಷ್ಟು. ಬೇರೆ ಕಡೆ ಯಾರೋ ನೋಡುತ್ತಿದ್ದಾರೆ ಅಂತ ಬಂದಿದೆ. ಅಣ್ಣ ಇರಬೇಕು, ಭಾನುವಾರ ಅಲ್ವಾ. 'ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಬೇಕೇ?' ಅಂತ ಆ್ಯಪ್ ಕೇಳಿದೆ. ಅಮ್ಮ ಹೌದು ಒತ್ತಿದ್ದಾಳೆ. ಎಲ್ಲ ಅಂದರೆ ಅವಳದ್ದೂ ಸೇರಿ.

ನಾನು ಕೂಗಿದೆ. "ಓದಿ ಒತ್ತೋಕೆ ಆಗಲ್ವಾ ನಿಂಗೆ?"

"ಓದೇ ಒತ್ತಿದ್ದು" ಅಂದಳು.

ಅದು ನಿಜ. ನನಗೆ ಗೊತ್ತಿರುವವರಲ್ಲಿ ಈ ಆ್ಯಪ್‌ಗಳು ಕೇಳೋದನ್ನೆಲ್ಲ ಪೂರ್ತಿ ಓದೋದು ಅಮ್ಮ ಒಬ್ಬಳೇ. ಮನುಷ್ಯರು ಕೇಳಿದ ಹಾಗೆ ಉತ್ತರ ಕೊಡುತ್ತಾಳೆ, ಬಾಯಿ ಬಿಟ್ಟು. "ಫೋಟೋ ನೋಡಬಹುದಾ ಅಂತಿದೆ. ನೋಡಲಿ ಬಿಡು, ಎಂತ ಇದೆ." ನಾವೆಲ್ಲ ಓದದೇ ಸರಿ, ಸರಿ ಅಂತ ಒತ್ತಿಕೊಂಡು ಹೋಗೋದು. ಹಾಗಾಗಿಯೇ ನಮಗೆ ಬೇಗ ಆಗುತ್ತದೆ.

ಆಮೇಲೆ ಅವಳು ಚಾ ಮಾಡಿದಳು. ನಾಲ್ಕನೇ ಸಲ ನಾನು ಗುಡ್ಡ ಹತ್ತಿ ಕೂಗಿದೆ, ಅವಳು ಒತ್ತಿದಳು. ವಾಪಸ್ ಕೂಗಲಿಲ್ಲ.

ಚಾ ಕುಡಿಯುವಾಗ ಪರದೆಯ ಮೇಲೆ ಚಕ್ರ ಸುತ್ತುತ್ತಿತ್ತು. ಅದನ್ನೇ ನೋಡುತ್ತ, "ಇದು ಅಂಬಾರಗೋಡ್ಲಲ್ಲಿ ಲಾಂಚ್ ಕಾದ ಹಾಗೇ" ಅಂದಳು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನೀರು ನಿಂತಾಗ ಅವಳಿಗೆ ಏಳು ವರ್ಷ. ಅಲ್ಲಿಂದ ಈಚೆಗೆ ತವರಿಗೆ ಹತ್ತಿರದ ದಾರಿ ಅಂದರೆ ಈಚೆ ದಡದ ಅಂಬಾರಗೋಡ್ಲಿನಿಂದ ಹೊರಡುವ ಲಾಂಚ್ ದೋಣಿ ಒಂದೇ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಕೊನೇ ಲಾಂಚ್ ತಪ್ಪಿತಂತೆ. ಅಣ್ಣ ಕಂಕುಳಲ್ಲಿ. ಆಚೆ ದಡ ಕಾಣುತ್ತಿತ್ತು. ಅಲ್ಲಿ ಅಜ್ಜ ಟಾರ್ಚ್ ಹಿಡಿದು ನಿಂತಿದ್ದೂ ಕಾಣುತ್ತಿತ್ತು. "ಆ ಟಾರ್ಚು ಆರಿಸಿದ್ದೇ ಹೌದು, ಇನ್ನು ಇವತ್ತಿಲ್ಲ ಅಂತ ಗೊತ್ತಾಯ್ತು" ಅಂದಳು. ಈ ಕತೆ ನನಗೆ ಇಷ್ಟು ವರ್ಷ ಯಾಕೆ ಹೇಳಿರಲಿಲ್ಲವೋ.

ಈಗ ಆ ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ನಾಳೆ ಬೆಳಿಗ್ಗೆ ತಿಂಡಿ ಮುಗಿಸಿ ಫೋನಿನ ಮುಂದೆ ಕೂರುತ್ತಾಳಂತೆ.

ಸಾಗರದಲ್ಲಿ ರೈಲು ಹತ್ತಿದ ಮೇಲೆ ಅಣ್ಣನ ಮಗನಿಗೆ ಫೋನ್ ಮಾಡಿ, ಅಜ್ಜಿಗೆ ಮಕ್ಕಳ ಪ್ರೊಫೈಲ್ ಯಾಕೆ ಕೊಟ್ಟೆ ಅಂತ ಬೈದೆ. ಅವನು ಬೈಸಿಕೊಂಡು, "ಅತ್ತೆ, ಸೇತುವೆ ಯೂಟ್ಯೂಬಲ್ಲೇ ಲೈವ್ ಬರುತ್ತಲ್ಲ. ಅಜ್ಜಿಗೆ ಯೂಟ್ಯೂಬ್ ಬರುತ್ತೆ. ಭಜನೆ ಹಾಕ್ಕೊಳಲ್ವಾ?" ಅಂದ.

ಹೌದಲ್ಲ. ಇದು ನನಗೆ ಹೊಳೆಯಲೇ ಇಲ್ಲ.

ಅಮ್ಮನಿಗೆ ಹೇಳೋಣ ಅಂತ ಹಚ್ಚಿದರೆ ಆನಂದಪುರ ದಾಟಿಯಾಗಿತ್ತು. ಕಾಡು, ನೆಟ್‌ವರ್ಕ್ ಇಲ್ಲ. ಅರಸಾಳಿನ ಹತ್ತಿರ ಒಂದೇ ಒಂದು ಕಡ್ಡಿ ಬಂತು. ಜೊತೆಗೆ ಟಣ್ ಅಂತ ಒಂದು ಮೆಸೇಜು. ಲಾಗಿನ್ ಮಾಡಲು ನಿಮ್ಮ ಒಟಿಪಿ. ಅಂದರೆ ಅಮ್ಮ ಮತ್ತೆ ಏನೋ ಓದಿ ಒತ್ತಿದ್ದಾಳೆ. ಇಲ್ಲವೇ ಅಣ್ಣ ಇರಬಹುದು, ಅವನದ್ದೂ ಔಟ್ ಆಗಿತ್ತಲ್ಲ. ಯಾರಿಗೆ ಹೇಳಲಿ ಅಂತ ನೋಡುವಷ್ಟರಲ್ಲಿ ಕಡ್ಡಿ ಹೋಯಿತು. ಗಂಟೆ ಒಂಬತ್ತೂವರೆ. ಅಮ್ಮ ಈ ಹೊತ್ತಿಗೆ ಮಲಗಿರುತ್ತಾಳೆ. ಮಲಗಿರದಿದ್ದರೆ